ಮಧ್ಯಾಹ್ನದ ತನಕ ಉಳಿಯುವ ಪರಿಮಳ

ಬೇಸಿಗೆ ಬಂದರೆ ಸೆಂಟ್ ಅಂಗಡಿಗಳಲ್ಲಿ ಲಿಂಬೆ, ಕಿತ್ತಳೆ, ಪುದೀನದ ಪರಿಮಳಗಳಿಗೆ ಬೇಡಿಕೆ ಹೆಚ್ಚು. ಕಾಗದದ ಪಟ್ಟಿಗೆ ಒಮ್ಮೆ ಸ್ಪ್ರೇ ಮಾಡಿ ಮೂಸಿದರೆ ಹಾಯೆನಿಸುತ್ತದೆ, ಕೈ ಜೇಬಿಗೆ ಹೋಗುತ್ತದೆ. ಆದರೆ ಆ ಹಣಕ್ಕೆ ಸಿಗುವುದು ಎಷ್ಟು ಹೊತ್ತಿನ ಪರಿಮಳ?

ಮಂಗಳೂರಿನ ಬಂದರಿನಲ್ಲಿ ಟೊಪ್ಪಿ, ತಸ್ಬೀಹ್, ಅತ್ತರ್ ಮಾರುತ್ತಿದ್ದ ನನ್ನ ಉಪ್ಪ ಗಿರಾಕಿಯ ಮಣಿಕಟ್ಟಿಗೆ ಅತ್ತರ್ ಹಚ್ಚಿ, "ಈಗ ತೆಗೆದುಕೊಳ್ಳಬೇಡಿ. ಅಸರ್ ಆದ ಮೇಲೆ ಬನ್ನಿ" ಎನ್ನುತ್ತಿದ್ದರು. ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ಬಂದವರು ಮಾತ್ರ ವರ್ಷಗಟ್ಟಲೆ ಬರುತ್ತಿದ್ದರು. ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಕಾಯುವ ಗಿರಾಕಿ ಈಗ ಇಲ್ಲ, ಅತ್ತರ್ ಬಿಟ್ಟು ಬರೀ ಸ್ಪ್ರೇ ಇಡೋಣ ಎಂಬುದು ಅವನ ವಾದ. ನಾನು ಒಪ್ಪಿಲ್ಲ. ಅದಕ್ಕೆ ಕಾರಣವನ್ನು ಕಲಿತದ್ದು ಊರಿನಿಂದ ದೂರ, ಅಸಂಗಿಯಲ್ಲಿ.

ಅಸಂಗಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರು, ಮನೆಮಾತು ಕನ್ನಡ. ಗಾಳಿಯಂತ್ರಗಳ ದುರಸ್ತಿ ಕೆಲಸಕ್ಕೆ ಆ ಕಡೆ ಇದ್ದಾಗ ಅಲ್ಲೇ ಬಾಡಿಗೆಗಿದ್ದೆ. ನಮ್ಮ ಕರಾವಳಿಯದ್ದು ಬೆವರಿನ ಸೆಖೆ. ಅಲ್ಲಿಯದ್ದು ಚರ್ಮ ಒಣಗಿಸುವ ಬಿಸಿಲು. ಒಂದು ಬೆಳಿಗ್ಗೆ ಎಡಗೈಗೆ ಲಿಂಬೆಯ ಸ್ಪ್ರೇ, ಬಲಗೈಗೆ ಲಾವಂಚದ ಅತ್ತರ್ ಹಚ್ಚಿಕೊಂಡು ಕೆಲಸಕ್ಕೆ ಹೋದೆ.

ಎಡಗೈ ಮೊದಲು ತಣ್ಣಗಾಯಿತು. ಸ್ಪ್ರೇಯಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್. ಅದು ಆರುವಾಗ ಚರ್ಮದ ಬಿಸಿಯನ್ನೂ ಒಯ್ಯುತ್ತದೆ. ಲಿಂಬೆ ಚೆನ್ನಾಗಿ ಘಮಘಮಿಸಿತು, ಅರ್ಧ ಗಂಟೆಯೊಳಗೆ ಹೋಯಿತು. ಹನ್ನೊಂದಕ್ಕೆ ಮೂಸಿದರೆ ಸೋಪಿನಂಥ ತೆಳು ವಾಸನೆ ಮಾತ್ರ. ಬಲಗೈಯ ಲಾವಂಚ ಆರಂಭದಲ್ಲಿ ಇಷ್ಟವಾಗುವಂತಿರಲಿಲ್ಲ: ಹಸಿ ಬೇರು, ಕೆಸರು, ಸ್ವಲ್ಪ ಹೊಗೆ. ಒಂದು ಗಂಟೆಯ ನಂತರ ಕಹಿ ಇಳಿದು ಹಸಿರು ಹುಲ್ಲಿನ ವಾಸನೆ ಬಂತು. ಮಧ್ಯಾಹ್ನ ಊಟಕ್ಕೆ ಬಂದಾಗ ಮನೆಯ ಯಜಮಾನ ಅಜ್ಜ ಕೇಳಿದರು: "ಏನ್ರೀ, ವಾಳಾ ಹಾಕಿದ ಗಡಗಿ ನೀರಿನ ವಾಸನಿ ಬರಾಕತ್ತೈತಲ್ಲ!" ಲಾವಂಚಕ್ಕೆ ಅಲ್ಲಿ ವಾಳಾ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರಿಗೆ ಕಾಯುವ ಸೀಮೆಯವರು ಅವರು. ಅವರ ಮೂಗಿಗೆ ತಂಪೆಂದರೆ ಲಿಂಬೆಯಲ್ಲ, ಮಡಕೆಯ ನೀರು.

ಯಂತ್ರದ ಕೆಲಸದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೆಲಕ್ಕೆ ಬಿದ್ದ ಪೆಟ್ರೋಲ್ ಕಣ್ಣೆದುರೇ ಆರುತ್ತದೆ, ಡೀಸೆಲ್ ತಡೆಯುತ್ತದೆ, ಗ್ರೀಸ್ ಉಳಿಯುತ್ತದೆ. ಪರಿಮಳದ ಅಣುಗಳೂ ಹಾಗೆಯೇ. ಲಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್ ಅಣುವಿನಲ್ಲಿ 10 ಇಂಗಾಲದ ಪರಮಾಣುಗಳು. ಹಗುರ, ಬೇಗ ಹಾರುತ್ತದೆ. ಲಾವಂಚ ಮತ್ತು ಗಂಧದೆಣ್ಣೆಯ ಮುಖ್ಯ ಅಣುಗಳಲ್ಲಿ 15. ಭಾರ, ನಿಧಾನವಾಗಿ ಏಳುತ್ತವೆ. ಚರ್ಮ ಬಿಸಿಯಾದಷ್ಟೂ ಹಗುರವಾದದ್ದು ಇನ್ನೂ ಬೇಗ ಓಡುತ್ತದೆ. ಕಾಗದದ ಪಟ್ಟಿಗೆ ಮೈಬಿಸಿ ಇಲ್ಲ, ಮೈಯ ಎಣ್ಣೆ ಇಲ್ಲ. ಅದು ಕೊಡುವ ಸಾಕ್ಷಿ ಅರ್ಧ ಮಾತ್ರ.

ಕನೌಜಿನಲ್ಲಿ ತಾಮ್ರದ ದೇಗ್‌ನಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸುವ ಪದ್ಧತಿಯ ಗುಟ್ಟು ಇದೇ. ಹಾರಿಹೋಗುವ ಹೂವನ್ನೂ ಸುಟ್ಟ ಮಣ್ಣಿನ ವಾಸನೆಯನ್ನೂ ಗಂಧ ಹಿಡಿದಿಡುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಆಸ್ಟ್ರೇಲಿಯಾದ ಬೇರ್ ಮತ್ತು ಥಾಮಸ್ 1964ರಲ್ಲಿ 'ಪೆಟ್ರಿಕೋರ್' ಎಂಬ ಹೆಸರಿಡುವುದಕ್ಕಿಂತ ಮೊದಲೇ ನಮ್ಮವರು ಅದನ್ನು ಸೀಸೆಗೆ ತುಂಬಿಸಿ ಮಾರುತ್ತಿದ್ದರು. ಗಂಧ ದುಬಾರಿಯಾದ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಬೆರೆಸಿದ ಅಗ್ಗದ ಅತ್ತರ್‌ಗಳೂ ಬಂದಿವೆ. ಆದ್ದರಿಂದ ಅತ್ತರ್ ಎಂಬ ಹೆಸರನ್ನೇ ನಂಬಬೇಕಿಲ್ಲ. ಕೈಗೆ ಹಚ್ಚಿ ಕಾಯುವುದೇ ಪರೀಕ್ಷೆ.

ಜುಮಾದ ದಿನ ಸುಗಂಧ ಹಚ್ಚುವುದು ಸುನ್ನತ್. ದಿನಗೂಲಿಯವನೂ ಪೆರ್ನಾಲಿಗೊಂದು ಸೀಸೆ ಕೊಳ್ಳುತ್ತಾನೆ. ಅವನ ಮುನ್ನೂರು ರೂಪಾಯಿಯನ್ನು ಮೊದಲ ಹತ್ತು ನಿಮಿಷದ ಘಮಕ್ಕೆ ಕಿತ್ತುಕೊಳ್ಳುವುದು ವ್ಯಾಪಾರವಲ್ಲ ಎಂದು ತಮ್ಮನಿಗೆ ಹೇಳಿದ್ದೇನೆ. ಸ್ಪ್ರೇ ಇರಲಿ, ಅತ್ತರೂ ಇರಲಿ, ಉಪ್ಪನ ಮಾತೂ ಇರಲಿ.

ಕೊಳ್ಳುವವರಿಗೆ ಎರಡು ಮಾತು. ಹಚ್ಚಿದ ಮೇಲೆ ಮಣಿಕಟ್ಟುಗಳನ್ನು ಉಜ್ಜಬೇಡಿ. ಬಿಸಿಗೆ ಹಗುರ ಪರಿಮಳ ಬೇಗ ಹಾರುತ್ತದೆ. ಲಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು. ಹೊರಗೆ ದುಡಿಯುವವರು ಅದನ್ನು ಬಟ್ಟೆಯ ಒಳಮಗ್ಗುಲಿಗೆ ಹಚ್ಚುವುದು ಒಳ್ಳೆಯದು.