ಮನೆಬಾಗಿಲಿನ ಪಾಠ ಮತ್ತು ಸತ್ಯಾಣುವ್ರತ

ಶ್ರಾವಕನಿಗೆ ವಿಹಿತವಾದ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆದರೆ ವೈದ್ಯನಾಗಲು ಹೊರಟ ವಿದ್ಯಾರ್ಥಿಯು ದಾನ ನೀಡುವುದಕ್ಕೆ ಮೊದಲು ದಾನವನ್ನು ಸ್ವೀಕರಿಸುತ್ತಾನೆ ಎಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಬಡವನು ತನ್ನ ದೇಹವನ್ನೂ ಮನೆಯ ಕಷ್ಟಸುಖವನ್ನೂ ಅವನ ಮುಂದೆ ಪಾಠವಾಗಿ ತೆರೆದಿಡುತ್ತಾನೆ.

ವೈದ್ಯಕೀಯ ಶಿಕ್ಷಣವು ಆಸ್ಪತ್ರೆಯ ಗೋಡೆಯೊಳಗೇ ಮುಗಿಯಬಾರದೆಂಬ ವಿಚಾರ ನಮ್ಮ ದೇಶದಲ್ಲಿ ಹೊಸದಲ್ಲ. 1946ರ ಭೋರ್ ಸಮಿತಿಯ ವರದಿಯು ಭಾವೀ ವೈದ್ಯನಿಗೆ ರೋಗನಿವಾರಣೆ ಮತ್ತು ಸಮಾಜವೈದ್ಯದ ತರಬೇತಿ ಅವಶ್ಯವೆಂದಿತು. 1969ರಲ್ಲಿ ಸೇವಾಗ್ರಾಮದಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯವು ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ವಾಸಕ್ಕಿರಿಸಿ ಕಲಿಸುವ ಪದ್ಧತಿಯನ್ನು ರೂಢಿಸಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಕುಟುಂಬ ದತ್ತು ಕಾರ್ಯಕ್ರಮವನ್ನು ಸೇರಿಸಿತು. ಪ್ರತಿ ವಿದ್ಯಾರ್ಥಿಗೂ ಕೆಲವು ಕುಟುಂಬಗಳು. ವರ್ಷವರ್ಷವೂ ಅದೇ ಮನೆಗಳಿಗೆ ಭೇಟಿ.

ಧಾರವಾಡ ಸೀಮೆಯ ಒಂದು ಹಳ್ಳಿಗೆ ಹೀಗೆ ಹೋದ ವಿದ್ಯಾರ್ಥಿನಿಯೊಬ್ಬಳು ಶ್ರದ್ಧೆಯಿಂದಲೇ ಕೆಲಸ ಮಾಡಿದಳು. ಮನೆಮಂದಿಯ ತೂಕ, ರಕ್ತದೊತ್ತಡ, ಊಟ, ಕುಡಿಯುವ ನೀರು ಎಲ್ಲವನ್ನೂ ಬರೆದುಕೊಂಡಳು, ರಕ್ತಪರೀಕ್ಷೆಗೂ ಏರ್ಪಾಡಾಯಿತು. ದಾಖಲೆ ಪುಸ್ತಕ ಅಚ್ಚುಕಟ್ಟಾಗಿತ್ತು. ಒಳ್ಳೆಯ ಅಂಕಗಳೂ ದೊರೆತವು. ನಾಲ್ಕು ತಿಂಗಳ ನಂತರ ಮತ್ತೆ ಆ ಮನೆಯ ಕಟ್ಟೆಯ ಮೇಲೆ ಕುಳಿತಾಗ ಅಜ್ಜಿ ಕೇಳಿದಳು: “ಅವತ್ತ ನಮ್ಮ ಸೊಸಿ ರಕ್ತಾ ತಗೊಂಡ್ ಹೋದಿ ತಂಗಿ, ಏನ್ ಬಂತು?”

ಹುಡುಗಿ ಪುಸ್ತಕ ತೆರೆದಳು. ಹಿಮೋಗ್ಲೋಬಿನ್ 8.2 ಎಂದು ಅವಳದೇ ಕೈಬರಹದಲ್ಲಿತ್ತು. ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಪರೀಕ್ಷಕರು ಅದನ್ನು ನೋಡಿ ಸಹಿ ಹಾಕಿದ್ದರು. ರಕ್ತ ಕೊಟ್ಟವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವಳು ಆ ನಾಲ್ಕು ತಿಂಗಳೂ ಏದುಸಿರು ಬಿಡುತ್ತ ಹೊಲದ ಕೂಲಿಗೆ ಹೋಗಿದ್ದಳು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದ್ದಾರೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಅಷ್ಟೇ’ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದೇ ಈ ದೋಷ. ವ್ಯಾಪಾರಿಗಳು ಇದನ್ನು ಅಂಗಡಿಯ ಮಾತೆಂದು ತಿಳಿಯುತ್ತಾರೆ. ಹಳ್ಳಿಯ ಹೆಂಗಸು ಇಟ್ಟ ನೆತ್ತರೂ ಒಂದು ನ್ಯಾಸವೇ. ಏನನ್ನು ಕೇಳಿ ಪಡೆಯಬೇಕೆಂಬುದು ಅವಳಿಗೆ ತಿಳಿಯದು. ತಿಳಿಯದವಳು ಕೇಳಲಿಲ್ಲವೆಂದು ಸುಮ್ಮನಿರುವುದು ಪ್ರಾಮಾಣಿಕತೆಯಾಗದು. ಹೋಗದ ಭೇಟಿಯನ್ನು ಹೋದಂತೆ ಬರೆಯುವುದು ಕೂಟಲೇಖಕ್ರಿಯೆ. ಮನೆಯೊಳಗೆ ಕಂಡ ಗುಟ್ಟನ್ನು ವಸತಿನಿಲಯದಲ್ಲಿ ಹರಟೆಯಾಗಿಸುವುದು ರಹೋಭ್ಯಾಖ್ಯಾನ. ಈ ಮೂರೂ ಅದೇ ವ್ರತದ ಅತಿಚಾರಗಳು.

ಆ ವಿದ್ಯಾರ್ಥಿನಿ ನೆಪ ಹೇಳಲಿಲ್ಲ. “ತಪ್ಪಾತು ಅಜ್ಜಿ, ಆಗಲೇ ಬಂದು ಹೇಳಬೇಕಿತ್ತು” ಎಂದಳು. ಸೊಸೆಯನ್ನು ತಾನೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ವೈದ್ಯರು ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಅದನ್ನು ಚಹಾದೊಡನೆ ನುಂಗಬಾರದೆಂದು ಇವಳು ತಿಳಿಸಿ ಹೇಳಿದಳು. ಮೂರು ತಿಂಗಳಲ್ಲಿ ಅಂಕೆ 10.6ಕ್ಕೆ ಏರಿತು. ಪೂರ್ತಿ ಗುಣವಲ್ಲ; ಆದರೂ ಉಸಿರು ಹಗುರಾಯಿತು. ಅಂದಿನಿಂದ ಅವಳ ಪುಸ್ತಕದ ಪ್ರತಿ ಪುಟದ ಅಂಚಿನಲ್ಲಿ ತಾನೇ ಗೆರೆ ಎಳೆದು ಮಾಡಿಕೊಂಡ ಅಂಕಣವೊಂದಿದೆ: ‘ಮನೆಯವರಿಗೆ ತಿಳಿಸಿದ ದಿನ’. ಅದಕ್ಕೆ ಅಂಕಗಳಿಲ್ಲ.

ಸಮಾಜದ ದಾನಿಗಳು ವೈದ್ಯ ವಿದ್ಯಾರ್ಥಿಗಳಿಗೆ ಪ್ರತಿವರ್ಷ ವಿದ್ಯಾರ್ಥಿವೇತನ ನೀಡುತ್ತಾರೆ. ಅಂಕಪಟ್ಟಿಯನ್ನು ತರಿಸಿ ನೋಡುತ್ತಾರೆ. ಇನ್ನು ಮುಂದೆ ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುವುದು ಉಚಿತ: ನಿನಗೆ ಪಾಠ ಕೊಟ್ಟ ಮನೆಗಳಿಗೆ ನೀನು ಮರಳಿಸಿದ್ದೇನು? ಜಮೆ ಬರೆದ ಮೇಲೆ ಖರ್ಚಿನ ಪುಟವನ್ನು ಖಾಲಿ ಬಿಡುವ ಲೆಕ್ಕವನ್ನು ಯಾವ ಪ್ರಾಮಾಣಿಕ ವರ್ತಕನೂ ಒಪ್ಪುವುದಿಲ್ಲ.