ಹಾರ್ಟ್ಸ್ ಕಾಡಿನಿಂದ ಆಸ್ಟೋರಿಯಾಕ್ಕೆ

ಗೋಸ್ಲಾರ್ ಪಟ್ಟಣ ದಾಟಿ ಪಶ್ಚಿಮಕ್ಕೆ ಹೊರಟರೆ ಹಾರ್ಟ್ಸ್ ಬೆಟ್ಟಗಳ ಬುಡದಲ್ಲಿ ವೋಲ್ಫ್ಸ್‌ಹಾಗನ್ ಎಂಬ ಚಿಕ್ಕ ಹಳ್ಳಿ ಸಿಗುತ್ತದೆ. ಸುತ್ತಲೂ ಕಾಡು. ಅಲ್ಲಿನ ಸ್ಪ್ರೂಸ್ ಮರಗಳಲ್ಲಿ ಎಷ್ಟೋ ಈಗ ಬರಕ್ಕೆ, ತೊಗಟೆಹುಳುವಿನ ಕಾಟಕ್ಕೆ ನಿಂತಲ್ಲೇ ಒಣಗಿ ಬೂದು ಬಣ್ಣಕ್ಕೆ ತಿರುಗಿವೆ. ಪಿಯಾನೊದ ನಾದ ಹೊಮ್ಮಿಸುವ ಹಲಗೆ ಮಾಡುವುದು ಸ್ಪ್ರೂಸ್ ಜಾತಿಯ ಮರದಿಂದಲೇ ಎಂದು ತಿಳಿದವರಿಗೆ ಈ ನೋಟ ಕಸಿವಿಸಿ ತರುತ್ತದೆ. ಇದೇ ಹಳ್ಳಿಯಲ್ಲಿ 1797ರ ಫೆಬ್ರುವರಿಯಲ್ಲಿ ಹೈನ್‌ರಿಶ್ ಎಂಗಲ್‌ಹಾರ್ಟ್ ಸ್ಟೈನ್‌ವೆಗ್ ಹುಟ್ಟಿದ. ಜಗತ್ತಿನ ಸಂಗೀತ ವೇದಿಕೆಗಳ ಮೇಲೆ ‘ಸ್ಟೈನ್‌ವೇ’ ಎಂಬ ಹೆಸರು ಹೊತ್ತು ನಿಂತಿರುವ ಪಿಯಾನೊಗಳ ಮೂಲಪುರುಷ ಇವನು.

ಆ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ತಾಯಿ, ಕೆಲವು ಒಡಹುಟ್ಟಿದವರು ಚಳಿ, ಹಸಿವಿಗೆ ಸಿಕ್ಕಿ ಹೋದರಂತೆ. ಆಮೇಲೆ ಕಾಡಿನಲ್ಲಿ ಸಿಡಿಲು ಬಡಿದು ತಂದೆಯೂ ಅಣ್ಣಂದಿರೂ ಸತ್ತರಂತೆ. ಉಳಿದವನು ಹದಿಹರೆಯದ ಹೈನ್‌ರಿಶ್ ಒಬ್ಬನೇ. ದಿಕ್ಕಿಲ್ಲದ ಹುಡುಗ ಬ್ರೌನ್‌ಶ್ವೈಗ್‌ನ ಸೇನೆ ಸೇರಿದ. ಕಪ್ಪು ಸಮವಸ್ತ್ರ, ಟೊಪ್ಪಿಯ ಮೇಲೆ ತಲೆಬುರುಡೆಯ ಗುರುತು ಇದ್ದ ಪಡೆ ಅದು. ಅದರ ಡ್ಯೂಕ್ ಫ್ರೀಡ್‌ರಿಶ್ ವಿಲ್ಹೆಲ್ಮ್ 1815ರ ಜೂನ್ 16ರಂದು ಕಾತ್ರ್ ಬ್ರಾ ಕದನದಲ್ಲಿ ಬಿದ್ದ. ಎರಡು ದಿನ ಕಳೆದು ವಾಟರ್‌ಲೂ. ಹದಿನೆಂಟರ ಹೈನ್‌ರಿಶ್ ಶತ್ರುವಿನ ಎದುರಿಗೇ ಕಹಳೆ ಊದಿ ಕಂಚಿನ ಪದಕ ಪಡೆದ ಎಂದು ಮನೆಯವರು ಹೇಳುತ್ತ ಬಂದರು. ಬಿಡುವಿನ ವೇಳೆಯಲ್ಲಿ ಬ್ಯಾರಕ್ಕಿನಲ್ಲೇ ಕುಳಿತು ತಂತಿವಾದ್ಯ ಮಾಡಿಕೊಳ್ಳುತ್ತಿದ್ದ ಎಂಬುದೂ ಆ ಕಥೆಯ ಭಾಗ. ಇದನ್ನು ನಂಬಲು ನನಗೆ ಯಾವ ಕಷ್ಟವೂ ಇಲ್ಲ. ಮರದ ಕೆಲಸ ಕೈಗೆ ಹತ್ತಿದವರು ಸುಮ್ಮನೆ ಕೂರುವುದನ್ನು ನಾನಂತೂ ಕಂಡಿಲ್ಲ.

ವೋಲ್ಫ್ಸ್‌ಹಾಗನ್‌ನಿಂದ ಸೇಸನ್ ದೂರವೇನಲ್ಲ. ಸೈನ್ಯ ಬಿಟ್ಟ ಹೈನ್‌ರಿಶ್ ಬಡಗಿಯಾಗಿ ನೆಲೆನಿಂತದ್ದು ಇಲ್ಲಿ. 1825ರಲ್ಲಿ ಯೂಲಿಯಾನಳನ್ನು ಮದುವೆಯಾದ, ಮಕ್ಕಳಾದರು, 1836ರಲ್ಲಿ ಮನೆಯ ಅಡುಗೆಕೋಣೆಯಲ್ಲೇ ಒಂದು ಗ್ರ್ಯಾಂಡ್ ಪಿಯಾನೊ ಕಟ್ಟಿದ! ಪಿಯಾನೊ ಚರಿತ್ರೆಯಲ್ಲಿ ಅದಕ್ಕೆ ‘ಅಡುಗೆಮನೆ ಪಿಯಾನೊ’ ಎಂದೇ ಹೆಸರು. ಸೇಸನ್‌ನ ಬೀದಿಗಳಲ್ಲಿ ನಡೆಯುವಾಗ ನನ್ನ ತಲೆ ತುಂಬ ಅದೇ ಚಿತ್ರ. ಒಂದು ಕಡೆ ಒಲೆ, ಮಕ್ಕಳ ಗಲಾಟೆ, ಸಾರಿನ ಹಬೆ. ಇನ್ನೊಂದು ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕೂರಿಸಬೇಕಾದ ನೂರಾರು ಮರದ ತುಂಡುಗಳು. ಯೂಲಿಯಾನ ಆ ಕೋಣೆಯಲ್ಲಿ ಅಡುಗೆ ಹೇಗೆ ಮಾಡಿದಳೋ! ಮೂರು ವರ್ಷ ಕಳೆದು ಬ್ರೌನ್‌ಶ್ವೈಗ್‌ನ ವಸ್ತುಪ್ರದರ್ಶನದಲ್ಲಿ ಅವನ ಪಿಯಾನೊಗಳಿಗೆ ಬಹುಮಾನ ಬಂತು.

ಈ ಸಣ್ಣ ಊರಿಗೆ ಇನ್ನೊಂದು ಹೆಗ್ಗಳಿಕೆಯಿತ್ತು. ಇಸ್ರೇಲ್ ಯಾಕೊಬ್ಸನ್ ಎಂಬ ಯಹೂದಿ ಸುಧಾರಕ 1801ರಲ್ಲಿ ಇಲ್ಲಿ ಶಾಲೆ ತೆರೆದು, ಯಹೂದಿ, ಕ್ರೈಸ್ತ ಮಕ್ಕಳನ್ನು ಒಟ್ಟಿಗೆ ಓದಿಸಿದ. ಸ್ಟೈನ್‌ವೆಗ್‌ನ ಮಗ ವಿಲಿಯಂ ಓದಿದ್ದೂ ಅಲ್ಲಿಯೇ. ಯಾಕೊಬ್ಸನ್ 1810ರಲ್ಲಿ ಕಟ್ಟಿಸಿದ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಯುತ್ತಿತ್ತು. 1938ರ ನವೆಂಬರ್‌ನಲ್ಲಿ ನಾಜಿಗಳು ಆ ಮಂದಿರವನ್ನು ಸುಟ್ಟುಹಾಕಿದರು. ಊರಿನಲ್ಲಿ ಸ್ಟೈನ್‌ವೇ ಹೆಸರಿನ ಉದ್ಯಾನವಿದೆ, ನೆರಳಿದೆ. ಅಲ್ಲಿ ಕುಳಿತಾಗಲೂ ಆ ಮಂದಿರದ ನೆನಪು ನನ್ನನ್ನು ಬಿಡಲಿಲ್ಲ.

ಸೇಸನ್ ಬಿಡಲು ಕಾರಣಗಳು ಹಲವು. ಚೂರುಚೂರಾಗಿದ್ದ ಜರ್ಮನ್ ಸಂಸ್ಥಾನಗಳ ಗಡಿಗಡಿಗೂ ಸುಂಕ, ಸರಕು ಮಾರುವುದೇ ಕಷ್ಟ. ಮೇಲಿಂದ 1848ರ ಕ್ರಾಂತಿಯ ಗದ್ದಲ. ಮಗ ಚಾರ್ಲ್ಸ್ 1849ರಲ್ಲಿ ಮೊದಲು ನ್ಯೂಯಾರ್ಕಿಗೆ ಹೋಗಿ, ಇಲ್ಲಿ ಬದುಕಬಹುದು ಎಂದು ಮನೆಯವರಿಗೆ ತಿಳಿಸಿದ. ಹಿರಿಮಗ ಥಿಯೋಡೋರ್ ಊರಲ್ಲೇ ಉಳಿದ. ಉಳಿದವರೆಲ್ಲ 1850ರಲ್ಲಿ ಹ್ಯಾಂಬರ್ಗಿನಿಂದ ‘ಹೆಲೆನೆ ಸ್ಲೋಮನ್’ ಎಂಬ ಉಗಿಹಡಗು ಹತ್ತಿ, ಸುಮಾರು ಒಂದು ತಿಂಗಳು ಕಡಲಲ್ಲಿ ಕಳೆದು, ಜೂನ್ ಕೊನೆಗೆ ನ್ಯೂಯಾರ್ಕ್ ಮುಟ್ಟಿದರು. ಅದೇ ಹಡಗು ಅದೇ ವರ್ಷದ ನವೆಂಬರ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಹೈನ್‌ರಿಶ್‌ಗೆ ಆಗ ಐವತ್ಮೂರು. ಆ ವಯಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ, ಸ್ವಂತ ಹೆಸರಿದ್ದ ಕಸುಬುದಾರ ಇನ್ನೊಬ್ಬರ ಕಾರ್ಖಾನೆಯಲ್ಲಿ ಕೂಲಿಗೆ ನಿಂತ. ಮಕ್ಕಳೂ ಬೇರೆ ಬೇರೆ ಕಡೆ ಕೂಲಿಗೆ ನಿಂತು ಅಮೆರಿಕದ ಪಿಯಾನೊ ವಿದ್ಯೆ ಕಲಿತರು. ಇಡೀ ಚರಿತ್ರೆಯಲ್ಲಿ ನಾನು ಹೆಚ್ಚು ತಲೆಬಾಗುವುದು ಈ ಮೂರು ವರ್ಷಗಳಿಗೆ. 1853ರ ಮಾರ್ಚ್ 5ರಂದು ಮ್ಯಾನ್‌ಹ್ಯಾಟನ್‌ನ ವೇರಿಕ್ ಬೀದಿಯಲ್ಲಿ ತಂದೆ ಮಕ್ಕಳು ಸ್ವಂತ ಕೆಲಸ ಶುರುಮಾಡಿದರು. ಮೊದಲ ಪಿಯಾನೊ 500 ಡಾಲರಿಗೆ ಮಾರಾಟವಾಯಿತು. ಅದರ ಸಂಖ್ಯೆ 483. ಜರ್ಮನಿಯಲ್ಲಿ ಹೈನ್‌ರಿಶ್ ಮಾಡಿದ 482 ಪಿಯಾನೊಗಳನ್ನೂ ಲೆಕ್ಕಕ್ಕೆ ಹಿಡಿದೇ ಮುಂದುವರಿದರು. ಮಗಳು ಡೊರೆಟ್ಟಾ, ಕೊಳ್ಳಲು ಹಿಂಜರಿಯುವ ಗಿರಾಕಿಗೆ ನಾನೇ ಬಿಟ್ಟಿ ಪಾಠ ಹೇಳಿಕೊಡುತ್ತೇನೆ ಎಂದು ವ್ಯಾಪಾರ ಕುದುರಿಸುತ್ತಿದ್ದಳಂತೆ.

ಯುದ್ಧ ಈ ಮನೆಯನ್ನು ಹೊಸ ದೇಶದಲ್ಲೂ ಬಿಡಲಿಲ್ಲ. ವಿಲಿಯಂ ದಿನಚರಿ ಬರೆಯಲು ಕೂತದ್ದು 1861ರ ಏಪ್ರಿಲ್‌ನಲ್ಲಿ, ತನ್ನ ಮದುವೆಯ ವಾರದಲ್ಲಿ. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಹೊತ್ತಿಕೊಂಡಿತ್ತು. ಚಾರ್ಲ್ಸ್ ಮತ್ತು ಇನ್ನೊಬ್ಬ ಮಗ ಆಲ್ಬರ್ಟ್ ನ್ಯೂಯಾರ್ಕ್ ರಾಜ್ಯದ ಐದನೇ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದರು. 1863ರ ಜುಲೈನಲ್ಲಿ ಕಡ್ಡಾಯ ಸೇನಾ ಭರ್ತಿಯ ವಿರುದ್ಧ ನಗರದಲ್ಲಿ ದಂಗೆ ಎದ್ದಾಗ ಗುಂಪು ಕಾರ್ಖಾನೆಯ ಬಾಗಿಲಿಗೂ ಬಂತು. ಕಾರ್ಖಾನೆ ಹೇಗೋ ಉಳಿಯಿತು. ಆದರೆ 1865ರ ಮಾರ್ಚ್ ಒಂದೇ ತಿಂಗಳಲ್ಲಿ ಇಬ್ಬರು ಗಂಡುಮಕ್ಕಳು ತೀರಿಕೊಂಡರು: ಕ್ಷಯದಿಂದ ಹೆನ್ರಿ, ಜರ್ಮನಿಗೆ ಹೋಗಿದ್ದಾಗ ಟೈಫಾಯಿಡ್‌ನಿಂದ ಚಾರ್ಲ್ಸ್. ತಂತಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸುವ ವಿಧಾನವನ್ನು ಗ್ರ್ಯಾಂಡ್ ಪಿಯಾನೊಗೆ ತಂದು 1859ರಲ್ಲಿ ಪೇಟೆಂಟ್ ಪಡೆದವನು ಈ ಹೆನ್ರಿಯೇ. ಜರ್ಮನಿಯಲ್ಲೇ ಉಳಿದಿದ್ದ ಥಿಯೋಡೋರ್ ಆಗ ತನ್ನ ವ್ಯಾಪಾರ ಮಾರಿ ಸಮುದ್ರ ದಾಟಿ ಬಂದ. 1871ರಲ್ಲಿ ಮುದುಕ ಹೈನ್‌ರಿಶ್ ತೀರಿಕೊಂಡ.

ನ್ಯೂಯಾರ್ಕಿನಲ್ಲಿ ನಾನು ಕ್ವೀನ್ಸ್‌ಗೆ ಹೋದದ್ದು 7ನೇ ನಂಬರಿನ ಸಬ್‌ವೇಯಲ್ಲಿ, ಈಸ್ಟ್ ನದಿಯ ಅಡಿಯಲ್ಲಿ. ಆ ಸುರಂಗಕ್ಕೂ ಸ್ಟೈನ್‌ವೇ ಹೆಸರೇ. ವಿಲಿಯಂನ ಹುಮ್ಮಸ್ಸಿನಿಂದ 1892ರಲ್ಲಿ ಶುರುವಾದ ಕೆಲಸ ಸ್ಫೋಟ, ಹಣದ ಮುಗ್ಗಟ್ಟುಗಳಿಂದ ನಿಂತು, ಅವನು ಸತ್ತು ಹತ್ತು ವರ್ಷ ದಾಟಿದ ಮೇಲೆ ಪೂರ್ತಿಯಾಯಿತು. ಕ್ವೀನ್ಸ್‌ನ ಆಸ್ಟೋರಿಯಾದಲ್ಲಿ ಅವನು ಕಾರ್ಖಾನೆಯ ಸುತ್ತ ಎರಕದ ಮನೆ, ಗರಗಸದ ಗಿರಣಿ, ಕೆಲಸಗಾರರಿಗೆ ಇಟ್ಟಿಗೆಮನೆಗಳ ಸಾಲು ಕಟ್ಟಿಸಿ ಒಂದು ಊರನ್ನೇ ಎಬ್ಬಿಸಿದ. ಇವತ್ತು ಸ್ಟೈನ್‌ವೇ ಬೀದಿಯಲ್ಲಿ ಈಜಿಪ್ಟಿನವರ ಹೋಟೆಲುಗಳು, ಅರಬ್ಬಿ ಫಲಕಗಳು, ಹುಕ್ಕಾದ ಘಮ. ನಂತರ ಬಂದ ವಲಸಿಗರು ಹಿಂದಿನ ವಲಸಿಗನ ಹೆಸರಿನ ಬೀದಿಯಲ್ಲಿ ಅಂಗಡಿ ಹಾಕಿರುವುದು ನೋಡಿ ಮನಸ್ಸು ತುಂಬಿತು.

ಕಾರ್ಖಾನೆಯೊಳಗೆ ಗ್ರ್ಯಾಂಡ್ ಪಿಯಾನೊದ ಅಂಚು ಬಾಗಿಸುವುದನ್ನು ನೋಡಬೇಕು. ಗಟ್ಟಿ ಮೇಪಲ್ ಮರದ ತೆಳು ಪಟ್ಟಿಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸುತ್ತಾರೆ. ದೊಡ್ಡ ಪಿಯಾನೊ ಆದರೆ ಹದಿನೆಂಟು ಪದರ, ಇಪ್ಪತ್ತೆರಡು ಅಡಿ ಉದ್ದ. ಕೆಲಸಗಾರರ ತಂಡ ಆ ಭಾರವನ್ನು ಹೆಗಲೆತ್ತರಕ್ಕೆ ಎತ್ತಿ, ಕಬ್ಬಿಣದ ಅಚ್ಚಿನ ಸುತ್ತ, ಬುಟ್ಟಿ ಹೆಣೆಯುವವರು ಬಿದಿರು ಸೀಳನ್ನು ಬಗ್ಗಿಸುವಂತೆ, ಅಂಟು ಒಣಗುವ ಮೊದಲು ಬಗ್ಗಿಸಿ ಹಿಡಿಕೆಗಳನ್ನು ಬಿಗಿಯುತ್ತದೆ. ಥಿಯೋಡೋರ್ 1880ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಬಿಗಿದ ತಂತಿಗಳೆಲ್ಲ ಸೇರಿ ಎಳೆಯುವ ಸುಮಾರು 20 ಟನ್ ಸೆಳೆತವನ್ನು ಎರಕದ ಕಬ್ಬಿಣದ ಚೌಕಟ್ಟು ಹೊರುತ್ತದೆ, ಆ ಚೌಕಟ್ಟನ್ನು ಈ ಅಂಚು ಅಪ್ಪಿ ಹಿಡಿಯುತ್ತದೆ. ಒಂದು ಪಿಯಾನೊಗೆ 12,000ಕ್ಕೂ ಹೆಚ್ಚು ಬಿಡಿಭಾಗ, ಸರಿಸುಮಾರು ಒಂದು ವರ್ಷದ ಕೆಲಸ. ಕೊನೆಯಲ್ಲಿ ಒಬ್ಬರು ಒಂದೊಂದೇ ಸುತ್ತಿಗೆಯ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಸಡಿಲಿಸುತ್ತ, ಸ್ವರ ಒತ್ತಿ ಕೇಳುತ್ತ, ಮತ್ತೆ ಚುಚ್ಚುತ್ತ ನಾದವನ್ನು ಹದಕ್ಕೆ ತರುತ್ತಾರೆ. ಆ ಸೂಜಿಯ ಕೆಲಸ ನೋಡುತ್ತಾ ನಾನು ಹೊತ್ತು ಹೋದದ್ದೇ ತಿಳಿಯದೆ ನಿಂತೆ.

ಎರಡನೇ ಮಹಾಯುದ್ಧದಲ್ಲಿ ಇದೇ ಕಾರ್ಖಾನೆಯ ಕೈಗಳು ಸೈನಿಕರನ್ನು ಒಯ್ಯುವ ಗ್ಲೈಡರ್‌ಗಳ ಮರದ ಭಾಗಗಳನ್ನು ಮಾಡಿದವು. ಆಮೇಲೆ ದಂಡಿನ ಬೀಡುಗಳಿಗೆಂದು ಹಸಿರು ಬಣ್ಣದ, ಒರಟು ಬಳಕೆಗೂ ಜಗ್ಗದ ನಿಲುವು ಪಿಯಾನೊಗಳನ್ನೂ ಕಟ್ಟಿದವು. ವಾಟರ್‌ಲೂ ಕಹಳೆಗಾರನ ಮರಿಮಕ್ಕಳು ನಾಲ್ವರು ಅಮೆರಿಕದ ಸಮವಸ್ತ್ರ ತೊಟ್ಟಿದ್ದ ಕಾಲ ಅದು. ಇತ್ತ ಜರ್ಮನಿಯಲ್ಲಿ ಇದೇ ಮನೆತನದ ಹ್ಯಾಂಬರ್ಗ್ ಕಾರ್ಖಾನೆಯ ಮೇಲೆ ಮಿತ್ರಪಡೆಗಳ ಬಾಂಬು ಬೀಳುತ್ತಿತ್ತು. ಒಂದೇ ಮನೆತನದ ಎರಡು ಕೈ ಎರಡು ದಡದಲ್ಲಿ ಹೀಗೆ ಸಿಕ್ಕಿಬಿದ್ದದ್ದನ್ನು ಅರಗಿಸಿಕೊಳ್ಳುವುದು ಈಗಲೂ ನನಗೆ ಕಷ್ಟ.

1972ರಲ್ಲಿ ಮನೆತನದವರು ಕಂಪನಿ ಮಾರಿದರು. ಕೆಲಸ ನಿಲ್ಲಲಿಲ್ಲ. 483ರಿಂದ ಮುಂದುವರಿದ ಸಂಖ್ಯೆ 2015ರಲ್ಲಿ ಆರು ಲಕ್ಷ ಮುಟ್ಟಿತು. ನಾನು ನೋಡುತ್ತಿದ್ದಾಗ ಅಚ್ಚಿನ ಸುತ್ತ ಹಿಡಿಕೆ ಬಿಗಿಯುತ್ತಿದ್ದ ತಂಡ ಬೆವರು ಒರೆಸಿಕೊಂಡು ಮುಂದಿನ ಅಂಚಿಗೆ ಪಟ್ಟಿ ಪೇರಿಸಲು ಶುರುಮಾಡಿತು.