ಕೂಡಿಸೋಕೆ ಮುಂಚೆ ಕೇಳಬೇಕಾದ ಪ್ರಶ್ನೆ

(1/6)
ಈ ತಿಂಗಳು ಡಿಎಂನಲ್ಲಿ ಅತಿ ಹೆಚ್ಚು ಬಂದ ಪ್ರಶ್ನೆ: "ಮೆಟಾ ಅನಾಲಿಸಿಸ್ ಕಲಿಯೋಕೆ ಎಷ್ಟು ದಿನ ಬೇಕು?" ಯಾಕೆ ಕೇಳ್ತಿದ್ದೀರಿ ಅಂತ ಗೊತ್ತು. ಸಿವಿಗೆ ಒಂದು ಪಬ್ಲಿಕೇಶನ್ ಬೇಕು. ರೋಗಿಗಳನ್ನ ಸೇರಿಸಿಕೊಳ್ಳೋ ತಾಪತ್ರಯ ಇಲ್ಲ, ಫಾಲೋ ಅಪ್ ಇಲ್ಲ, ಲ್ಯಾಪ್‌ಟಾಪ್ ಇದ್ರೆ ಸಾಕು ಅಂತ ಯಾರೋ ಹೇಳಿರ್ತಾರೆ.

ನೇರವಾಗಿ ಹೇಳ್ತೀನಿ. ಸಾಫ್ಟ್‌ವೇರ್ ಕಲಿಯೋಕೆ ಒಂದು ಮಧ್ಯಾಹ್ನ ಸಾಕು. ಸಂಖ್ಯೆ ತುಂಬಿ ಬಟನ್ ಒತ್ತಿದ್ರೆ ಫಾರೆಸ್ಟ್ ಪ್ಲಾಟ್ ಬರುತ್ತೆ, ಕೆಳಗೆ ಡೈಮಂಡ್ ಕೂಡ ಬರುತ್ತೆ. ಏನು ತುಂಬಿದ್ರೂ ಬರುತ್ತೆ, ಅದೇ ತೊಂದರೆ. ನಾನು ಮತ್ತು ನನ್ನ ಬ್ಯಾಚ್‌ಮೇಟ್ ಒಬ್ಬಳು ಒಂದು ವರ್ಷದಿಂದ ಒಂದೇ ರಿವ್ಯೂ ಹಿಂದೆ ಬಿದ್ದಿದ್ದೀವಿ. ಕಲಿತದ್ದರಲ್ಲಿ ಲೆಕ್ಕ ಸ್ವಲ್ಪವೇ. ಯಾವುದನ್ನ ಯಾವುದರ ಜೊತೆ ಕೂಡಿಸಬಹುದು ಅಂತ ತೀರ್ಮಾನ ಮಾಡೋದೇ ಜಾಸ್ತಿ.

(2/6)
ಕೊಕ್ರೇನ್ ಸಂಸ್ಥೆಯ ಲೋಗೊ ನೋಡಿದ್ದೀರಾ? 1993ರಲ್ಲಿ ಶುರುವಾದ ಸಂಸ್ಥೆ ಅದು. ಲೋಗೊದ ಮಧ್ಯದಲ್ಲಿರೋದು ಅಲಂಕಾರ ಅಲ್ಲ, ನಿಜವಾದ ಫಾರೆಸ್ಟ್ ಪ್ಲಾಟ್. ಏಳು ಟ್ರಯಲ್‌ಗಳು, ಏಳು ಅಡ್ಡಗೆರೆಗಳು.

ಪ್ರಶ್ನೆ ಇದು: ಅವಧಿಗೆ ಮುಂಚೆ ಹೆರಿಗೆ ಆಗುವಂತಿರುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತಾ? ನ್ಯೂಜಿಲೆಂಡ್‌ನ ಲಿಗಿನ್ಸ್ ಮತ್ತು ಹೋವಿ ತಮ್ಮ ಟ್ರಯಲ್ ಪ್ರಕಟಿಸಿದ್ದು 1972ರಲ್ಲಿ. ಆಮೇಲೆ ಬೇರೆಯವರೂ ಮಾಡಿದರು. ಆ ಏಳರಲ್ಲಿ ಹೆಚ್ಚಿನ ಗೆರೆಗಳು "ವ್ಯತ್ಯಾಸ ಇಲ್ಲ" ಅನ್ನೋ ಮಧ್ಯದ ಗೆರೆಯನ್ನ ದಾಟುತ್ತವೆ. ಒಂದೊಂದೇ ಓದಿದ ವೈದ್ಯರಿಗೆ "ಖಚಿತ ಇಲ್ಲ" ಅನ್ನಿಸಿದ್ದು ಸಹಜ. ಎಲ್ಲವನ್ನೂ ಕ್ರಮವಾಗಿ ಒಟ್ಟುಗೂಡಿಸಿದಾಗ ಡೈಮಂಡ್ ಮಧ್ಯದ ಗೆರೆಯಿಂದ ಸ್ಪಷ್ಟವಾಗಿ ಎಡಕ್ಕೆ ನಿಂತಿತು. ಔಷಧಿ ಮಕ್ಕಳನ್ನ ಉಳಿಸ್ತಿತ್ತು.

ಅಮೆರಿಕದ ಎನ್‌ಐಹೆಚ್ ತಜ್ಞರ ಸಭೆ ಇದನ್ನ ಶಿಫಾರಸು ಮಾಡಿದ್ದು 1994ರಲ್ಲಿ. ಮೊದಲ ಟ್ರಯಲ್‌ನಿಂದ 22 ವರ್ಷ. ಎನ್‌ಐಸಿಯು ಪೋಸ್ಟಿಂಗ್ ಮಾಡಿದವರಿಗೆ ಆ 22 ವರ್ಷ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

(3/6)
ಹಾಗಾದ್ರೆ ಸಿಕ್ಕಿದ್ದನ್ನೆಲ್ಲ ಬೇಗ ಕೂಡಿಸಿಬಿಡೋಣ್ವಾ? ತಡೀರಿ.

ಮೊದಲ ಕೆಲಸ, ಉತ್ತರ ನೋಡೋಕೆ ಮುಂಚೆ ಪ್ರಶ್ನೆ ಬರೆದಿಡೋದು. ಯಾವ ರೋಗಿಗಳು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಕೆ, ಯಾವ ಫಲಿತಾಂಶ. ಪಿಕೊ ಅಂತ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಬರೆದದ್ದನ್ನ ಪ್ರಾಸ್ಪೆರೊದಲ್ಲಿ ನೋಂದಾಯಿಸಿ. ಆಮೇಲೆ ನೀವು ಏನಾದ್ರೂ ಬದಲಾಯಿಸಿದ್ರೆ ಎಲ್ಲರಿಗೂ ಕಾಣುತ್ತೆ. ಕಾಣಬೇಕು ಅಂತಲೇ ಅದು ಇರೋದು.

ಆಮೇಲೆ ಹುಡುಕಾಟ. ಪಬ್‌ಮೆಡ್ ಒಂದೇ ಸಾಲದು. ಎಂಬೇಸ್, ಸೆಂಟ್ರಲ್, ಜೊತೆಗೆ ನಮ್ಮ ಸಿಟಿಆರ್‌ಐ ಕೂಡ ನೋಡಿ. ನೋಂದಣಿ ಆಗಿ, ಮುಗಿದು, ಎಲ್ಲೂ ಪ್ರಕಟ ಆಗದ ಟ್ರಯಲ್‌ಗಳ ಸುಳಿವು ಸಿಗೋದು ಇಂಥ ರಿಜಿಸ್ಟ್ರಿಗಳಲ್ಲೇ. ಪ್ರಕಟವಾದದ್ದನ್ನ ಮಾತ್ರ ಕೂಡಿಸಿದ್ರೆ, ಗೆದ್ದವರ ಮಾತು ಮಾತ್ರ ಕೇಳಿಸಿಕೊಂಡ ಹಾಗೆ.

(4/6)
ಇನ್ನು ಡೇಟಾ ತೆಗೆಯೋದು. ಬೋರಿಂಗ್ ಅಂತಾರೆ, ನಂಬಬೇಡಿ. ಪತ್ತೇದಾರಿ ಕೆಲಸ ಇದು.

ಒಂದು ಟೇಬಲ್‌ನಲ್ಲಿ 100 ಜನ, "± 1.2" ಅಂತ ಇರುತ್ತೆ. ಅದು ಎಸ್‌ಡಿನೋ ಎಸ್‌ಇನೋ? ಎಸ್‌ಇ ಆಗಿದ್ರೆ, 100ರ ವರ್ಗಮೂಲ 10ರಿಂದ ಗುಣಿಸಬೇಕು, ಎಸ್‌ಡಿ 12 ಆಗುತ್ತೆ. ಗಮನಿಸದೆ 1.2 ತುಂಬಿದ್ರೆ ಆ ಟ್ರಯಲ್‌ನ ಚೌಕ ಉಬ್ಬಿ ಉಳಿದವರನ್ನೆಲ್ಲ ನುಂಗಿಬಿಡುತ್ತೆ. ಅದಕ್ಕೇ ಇಬ್ಬರು ಬೇಕು. ಬೇರೆಬೇರೆ ಕೂತು ತುಂಬಬೇಕು, ಆಮೇಲೆ ಹೋಲಿಸಬೇಕು.

ಇನ್ನೊಂದು: ಒಂದೇ ಟ್ರಯಲ್ ಎರಡು ಹೆಸರಲ್ಲಿ ಬರಬಹುದು. ವಾಂತಿ ತಡೆಯೋಕೆ ನಾವು ದಿನಾ ಬರೆಯೋ ಒಂಡಾನ್‌ಸೆಟ್ರಾನ್ ಗೊತ್ತಲ್ಲ, ಅದರ ಟ್ರಯಲ್‌ಗಳನ್ನ 1997ರಲ್ಲಿ ಟ್ರಾಮೆರ್ ಮತ್ತು ಸಂಗಡಿಗರು ಜಾಲಾಡಿದರು. ಅದೇ ರೋಗಿಗಳ ಡೇಟಾ ಸುಳಿವು ಕೊಡದೆ ಮತ್ತೆಮತ್ತೆ ಪ್ರಕಟವಾಗಿತ್ತು. ಆ ನಕಲುಗಳನ್ನೂ ಸೇರಿಸಿದ್ರೆ ಔಷಧಿಯ ಪರಿಣಾಮ 23% ಹೆಚ್ಚಾಗಿ ಕಾಣ್ತಿತ್ತು.

(5/6)
ಈಗ ಕಷ್ಟದ ಭಾಗ. ನಮ್ಮ ಡೇಟಾ ಎಲ್ಲ ಸೇರಿಸಿದ ಮೇಲೆ ಡೈಮಂಡ್ ಮಧ್ಯದ ಗೆರೆಯನ್ನ ಮುಟ್ಟಿತು. ಲಾಭ ಇದೆ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಅರ್ಥ. ನಮಗಿಂತ ತುಂಬಾ ಹಿರಿಯರೊಬ್ಬರು ಸ್ಕ್ರೀನ್ ನೋಡಿ, "ಆ ಕೆಳಗಿನ ದೊಡ್ಡ ಟ್ರಯಲ್ ತೆಗೆದುಬಿಡ್ರಮ್ಮ, ಸಿಗ್ನಿಫಿಕೆಂಟ್ ಆಗುತ್ತೆ" ಅಂದ್ರು. ಬೈದು ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದ್ರು. ಅದಕ್ಕೇ ಇನ್ನೂ ಕಷ್ಟ ಆಯ್ತು.

ನನ್ನ ಗೆಳತಿ ಪ್ರೊಟೊಕಾಲ್ ತೆರೆದಳು. "ಸರ್, ನಾವು ಬರೆದಿಟ್ಟ ನಿಯಮದ ಪ್ರಕಾರ ಇದು ಸೇರಲೇಬೇಕು. ರ‍್ಯಾಂಡಮೈಸೇಶನ್ ಚೆನ್ನಾಗಿದೆ, ಮಧ್ಯದಲ್ಲಿ ಬಿಟ್ಟುಹೋದವರೂ ಕಡಿಮೆ. ತೆಗೆಯೋಕೆ ಕಾರಣ ಏನಂತ ಬರೆಯೋಣ?" ಅವರು ಸುಮ್ಮನಾದ್ರು. ಟ್ರಯಲ್ ಉಳೀತು. ಕಾನ್ಫರೆನ್ಸ್‌ಗೆ ಅಬ್‌ಸ್ಟ್ರಾಕ್ಟ್ ಕಳಿಸೋ ದಿನ ಕಳೆದುಹೋಯ್ತು.

ಒಂದು ಟ್ರಯಲ್ ಬಿಟ್ಟು ನೋಡೋದೇ ತಪ್ಪಲ್ಲ. ಸೆನ್ಸಿಟಿವಿಟಿ ಅನಾಲಿಸಿಸ್ ಅಂತ ಹೆಸರಿಟ್ಟು, ಎರಡೂ ಉತ್ತರ ಪಕ್ಕಪಕ್ಕ ತೋರಿಸಬಹುದು. ಒಂದನ್ನ ಮುಚ್ಚಿಟ್ಟರೆ ಮಾತ್ರ ಮೋಸ. ಈ ಮಾತನ್ನ ಹಿರಿಯರ ಮುಂದೆ ಹೇಳೋ ಧೈರ್ಯ ಯಾವ ವರ್ಕ್‌ಶಾಪ್‌ನಲ್ಲೂ ಸಿಗಲ್ಲ. ನಮಗೆ ಬಂದದ್ದು ಮೊದಲೇ ಬರೆದಿಟ್ಟ ಆ ನಾಲ್ಕು ಪುಟದಿಂದ.

(6/6)
ಡೈಮಂಡ್ ಸರಿಯಾಗಿಯೇ ಬಂತು ಅಂದ್ಕೊಳ್ಳಿ. ಅಲ್ಲಿಗೆ ಮುಗೀತಾ? ಅದೇ ಸ್ಟೀರಾಯ್ಡ್ ಕಥೆಯ ಮುಂದಿನ ಭಾಗ ನಮ್ಮ ಬೆಳಗಾವಿಗೂ ಬರುತ್ತೆ.

ಆ ಹಳೆಯ ಟ್ರಯಲ್‌ಗಳು ಹೆಚ್ಚಾಗಿ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಹಳ್ಳಿಗಳಲ್ಲೂ ಕೊಟ್ಟರೆ ಇನ್ನೆಷ್ಟು ಮಕ್ಕಳು ಉಳೀಬಹುದು ಅಂತ ಆರು ದೇಶಗಳಲ್ಲಿ ಆಕ್ಟ್ ಟ್ರಯಲ್ ಮಾಡಿದರು. ಬೆಳಗಾವಿ, ನಾಗಪುರ ಕೂಡ ಅದರಲ್ಲಿದ್ದವು. ಸುಮಾರು 1 ಲಕ್ಷ ಹೆರಿಗೆಗಳು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ: ತೀರಾ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಕಡಿಮೆ ಆಗಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದ್ರೆ, ನವಜಾತ ಶಿಶು ಮರಣ ಸಾವಿರಕ್ಕೆ 23.9 ಇದ್ದ ಕಡೆ 27.4 ಆಗಿತ್ತು. ಇಂಜೆಕ್ಷನ್ ಪಡೆದ ಹಲವು ತಾಯಂದಿರಿಗೆ ಅವಧಿಪೂರ್ವ ಹೆರಿಗೆ ಆಗಲೇ ಇಲ್ಲ. ಸ್ಕ್ಯಾನ್ ಇಲ್ಲದ ಕಡೆ ಎಷ್ಟು ವಾರ ತುಂಬಿದೆ ಅಂತ ಹೇಳೋದೇ ಕಷ್ಟ.

ಹಾಗಂತ ಔಷಧಿಯೇ ಕೆಟ್ಟದ್ದಾ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆ್ಯಕ್ಷನ್ ಟ್ರಯಲ್ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೀತು. ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡು ಕೊಟ್ಟರು. 2020ರ ಫಲಿತಾಂಶ: ನವಜಾತ ಶಿಶುಗಳ ಸಾವು 23.5% ಬದಲು 19.6%. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚಾಗಿ ಉಳೀತು.

ಈ ಟ್ರಯಲ್‌ಗಳನ್ನೆಲ್ಲ ಕಣ್ಣುಮುಚ್ಚಿ ಒಂದೇ ಡೈಮಂಡ್‌ಗೆ ಹಾಕಿದ್ರೆ ಬರೋ ಸರಾಸರಿ ಹಳ್ಳಿಯ ತಾಯಿಗೂ ಸಲ್ಲಲ್ಲ, ಜಿಲ್ಲಾಸ್ಪತ್ರೆಯ ತಾಯಿಗೂ ಸಲ್ಲಲ್ಲ.

ಇವತ್ತು ಒಂದು ಕೆಲಸ ಮಾಡಿ. ಯಾವುದಾದ್ರೂ ಒಂದು ಕೊಕ್ರೇನ್ ರಿವ್ಯೂ ತಗೊಳ್ಳಿ. ಫಾರೆಸ್ಟ್ ಪ್ಲಾಟ್ ಆಮೇಲೆ. ಮೊದಲು "ಯಾರನ್ನ ಸೇರಿಸಿದ್ದರು" ಅನ್ನೋ ಟೇಬಲ್ ಓದಿ, ನಿಮ್ಮ ವಾರ್ಡಿನ ರೋಗಿ ಅದರಲ್ಲಿ ಇದ್ದಾರಾ ನೋಡಿ. ಮುಂದಿನ ಸರಣಿ ಸರ್ಚ್ ಸ್ಟ್ರಿಂಗ್ ಬಗ್ಗೆ. ಅಷ್ಟರಲ್ಲಿ ಜೋಡಿ ಹುಡುಕಿಕೊಳ್ಳಿ: "ಇಲ್ಲ ಕಣೇ, ಇದು ಸೇರಲ್ಲ" ಅಂತ ನಿಮ್ಮ ಮುಖಕ್ಕೇ ಹೇಳೋ ಫ್ರೆಂಡ್‌ನ ಇಲ್ಲಿ ಟ್ಯಾಗ್ ಮಾಡಿ.

#ಕನ್ನಡದಲ್ಲಿವೈದ್ಯಕೀಯ #ಸಿಸ್ಟಮ್ಯಾಟಿಕ್‌ರಿವ್ಯೂ #ಮೆಟಾಅನಾಲಿಸಿಸ್